ಹತ್ತು ದಿನ ಕಟ್ಟಿ ನೋಡುವುದು

ಶಿವಮೊಗ್ಗ
೧೨ ನವೆಂಬರ್ ೧೯೫೮

ಹಾಲಸ್ವಾಮಿಗೆ,

ಹನ್ನೊಂದು ವರ್ಷದ ಮೇಲೆ ಅಕ್ಕನ ಕಾಗದ ಬಂತೆಂದು ಗಾಬರಿ ಬೀಳಬೇಡ. ಯಾರೂ ಸತ್ತಿಲ್ಲ. ಸಾಯುವ ಸರದಿ ಒಂದು ಕುದುರೆಯದು. ಅದನ್ನು ತಪ್ಪಿಸುವ ಅಧಿಕಾರ ನಿನ್ನ ಕೈಯಲ್ಲಿದೆ ಎಂದು ಗೊತ್ತಾದ್ದರಿಂದ ಬರೆಯುತ್ತಿದ್ದೇನೆ. ಮೇಲೆ 'ಚಿರಂಜೀವಿ' ಎಂದಾಗಲಿ 'ಆಶೀರ್ವಾದ' ಎಂದಾಗಲಿ ಹಾಕಿಲ್ಲ. ಮರೆತು ಬಿಟ್ಟದ್ದಲ್ಲ.

ಕಳೆದ ತಿಂಗಳು ಹದಿನೆಂಟರಂದು ನಿಮ್ಮ ಭದ್ರಾವತಿಯಲ್ಲಿ ಜಟಕಾ ಮಗುಚಿ ನನ್ನ ಕಾಲು ಮುರಿದದ್ದು ನಿನಗೆ ತಿಳಿದೇ ಇದೆ. ನೀನು ಆಸ್ಪತ್ರೆಗೆ ಬಂದಿದ್ದೆ. ನಾನು ಕಣ್ಣು ಮುಚ್ಚಿದ್ದೆನೇ ಹೊರತು ನಿದ್ದೆ ಮಾಡಿರಲಿಲ್ಲ. ಬಾಗಿಲ ಪರದೆಯ ಕೆಳಗೆ ಎರಡು ಚಪ್ಪಲಿ ಕಂಡವು. ಎಡಗಾಲಿನ ಹಿಮ್ಮಡಿ ಮಾತ್ರ ಸವೆದ ಚಪ್ಪಲಿ ಈ ಜಿಲ್ಲೆಗೆಲ್ಲ ನಿನ್ನೊಬ್ಬನದೇ. ಸ್ವಲ್ಪ ಹೊತ್ತು ನಿಂತವು, ಹೋದವು. ಆಮೇಲೆ ನರ್ಸು ಒಂದು ಚೀಲ ಮೋಸಂಬಿ ತಂದಿಟ್ಟಳು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಣ್ಣು ಹುಳಿಯಾಗಿದ್ದವು.

ನಿನ್ನೆ ಆ ಜಟಕಾದ ಹಯಾತ್ ಸಾಬಿ ನನ್ನನ್ನು ಹುಡುಕಿಕೊಂಡು ಗಾಂಧಿ ಬಜಾರಿನ ಹಿಂದಿನ ನಮ್ಮ ಮನೆಗೆ ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ, ಜಗಲಿಯ ಮೇಲೆ ಕೂತ. ಕಾಲು ಹೇಗಿದೆ ಎಂದು ಮೂರು ಸಲ ಕೇಳಿದ. ನಾಲ್ಕನೆಯ ಸಲಕ್ಕೆ ಅಳತೊಡಗಿದ.

"ಅಮ್ಮಾ, ದನದ ಡಾಕ್ಟ್ರು ಏನು ಬರೀತಾರೋ ಅದೇ ಕಾನೂನು. ಬೆದರೋ ಕುದ್ರೆ ಅಂತ ಬರೆದ್ರೆ ನನ್ನ ಬಿಜಲಿಗೆ ಗುಂಡು ಹೊಡಿಸ್ತಾರೆ. ನಂದೇ ತಪ್ಪು ಅಂತ ಬರೆದ್ರೆ ನನ್ ಲೈಸೆನ್ಸ್ ಹೋಗ್ತದೆ. ಲೈಸೆನ್ಸ್ ಹೋದ್ರೆ ಹೋಗ್ಲಿ ಅಮ್ಮಾ, ಅದ್ರ ಜಾನ್ ಉಳೀಲಿ. ನೀವು ಒಂದು ಮಾತು ಬರೀರಿ" ಎಂದ.

ಆ ಡಾಕ್ಟರು ನನ್ನ ಒಡಹುಟ್ಟಿದ ತಮ್ಮನೆಂದು ಅವನಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಆದರೆ ಒಂದು ಮಾತು ಬರೆಯುತ್ತೇನೆಂದು ಒಪ್ಪಿಕೊಂಡೆ. ಇಗೋ, ಬರೆದಿದ್ದೇನೆ: ಆ ಕುದುರೆ ಬೆದರಲಿಲ್ಲ. ಸೊಪ್ಪು ಮಾರುವ ಕರಿಯಮ್ಮನೆಂಬ ಮುದುಕಿ ದಾರಿಯ ನಡುವೆ ಬಿದ್ದಳು. ಅವಳನ್ನು ತುಳಿಯಬಾರದೆಂದು ಕುದುರೆ ನಿಂತಿತು. ಬೇಕೆಂದೇ ನಿಂತಿತು. ಮಾಡಿದ್ದು ಒಳ್ಳೆಯ ಕೆಲಸ. ಅದಕ್ಕೆ ಗುಂಡು ಹೊಡೆಸುವ ಕಾನೂನಿದ್ದರೆ ನನಗೂ ತಿಳಿಸು.

ಇತಿ,
ಸುಭದ್ರಮ್ಮ


ಭದ್ರಾವತಿ
೧೮ ನವೆಂಬರ್ ೧೯೫೮

ಪೂಜ್ಯ ಅಕ್ಕನವರಿಗೆ ಹಾಲಸ್ವಾಮಿಯ ಶರಣು.

ತಮ್ಮ ಪತ್ರ ತಲುಪಿತು. ತಮ್ಮ ಕಾಲಿನ ಮೂಳೆ ಕೂಡಿಕೊಳ್ಳುತ್ತಿದೆ ಎಂದು ಭಾವಿಸುತ್ತೇನೆ.

ಕುದುರೆಯ ವಿಷಯ. ಜಟಕಾ ಲೈಸೆನ್ಸಿನ ಕಚೇರಿಯವರು ಕಳಿಸಿರುವ ನಮೂನೆಯಲ್ಲಿ 'ಅಪಘಾತದ ಕಾರಣ' ಎಂಬ ಕಡೆ ಎರಡೇ ಮನೆಗಳಿವೆ: ಒಂದು 'ಪ್ರಾಣಿಯ ದೋಷ', ಇನ್ನೊಂದು 'ಚಾಲಕನ ದೋಷ'. ಯಾವುದಾದರೂ ಒಂದರಲ್ಲಿ ಗುರುತು ಹಾಕಿ ಜನವರಿಯೊಳಗೆ ಹಿಂತಿರುಗಿಸಬೇಕು. ಕುದುರೆ ಒಳ್ಳೆಯ ಕೆಲಸ ಮಾಡಿತು ಎಂದು ಬರೆಯಲು ಮನೆಯಿಲ್ಲ. ನೋಡಿದವರೆಲ್ಲ ಕುದುರೆ ಬೆದರಿತೆಂದೇ ಹೇಳಿದ್ದಾರೆ. ಬೆದರುವ ಕುದುರೆ, ಮೇಲಾಗಿ ಎರಡೂ ಮಂಡಿ ಒಡೆದದ್ದು. ಅಂಥದನ್ನು ಯಾರೂ ಕೊಳ್ಳುವುದಿಲ್ಲ. ನರಳಿಸುವುದಕ್ಕಿಂತ ಗುಂಡು ಹಾಕಿಸುವುದು ಇಲ್ಲಿಯ ರೂಢಿ.

ತಾವು ಹೇಳುವ ಒಳ್ಳೆಯತನದ ಬಗ್ಗೆ ಒಂದು ಮಾತು. ಕುದುರೆ ಮೆತ್ತನೆಯ, ಅಲುಗಾಡುವ ವಸ್ತುವಿನ ಮೇಲೆ ಕಾಲಿಡುವುದಿಲ್ಲ. ಅದರ ಕಾಲು ಸಣ್ಣದು, ಮೈ ಭಾರದ್ದು, ಹೆಜ್ಜೆ ತಪ್ಪಿದರೆ ಬದುಕೇ ಹೋಯಿತು. ಮುದುಕಿಯ ಜಾಗದಲ್ಲಿ ಹುಲ್ಲಿನ ಮೂಟೆ ಬಿದ್ದಿದ್ದರೂ ಅದು ನಿಲ್ಲುತ್ತಿತ್ತು. ಇದು ದಯೆಯಲ್ಲ, ಕಾಲಿನ ಎಚ್ಚರ. ಪ್ರಾಣಿಗಳಿಗೆ ಹಸಿವು ಗೊತ್ತು, ಭಯ ಗೊತ್ತು, ಮರಿಯ ಮೇಲೆ ಮಮತೆ ಗೊತ್ತು. ಸರಿ ಯಾವುದು ತಪ್ಪು ಯಾವುದು ಎಂಬುದು ಮನುಷ್ಯನಿಗೆ ಮಾತ್ರ. ಹದಿನಾಲ್ಕು ವರ್ಷ ಪ್ರಾಣಿಗಳ ನಡುವೆಯೇ ಕೆಲಸ ಮಾಡಿದವನ ಮಾತಿದು.

ತಮ್ಮ ಆರೋಗ್ಯದ ಬಗ್ಗೆ ತಿಳಿಸಿದರೆ ಸಂತೋಷ. ಮನೆಯಾಕೆ ಮಹಾಂತಮ್ಮ ನಮಸ್ಕಾರ ತಿಳಿಸಲು ಹೇಳಿದ್ದಾಳೆ.

ಇತಿ ತಮ್ಮ ಆಜ್ಞಾಧಾರಕ,
ಹಾಲಸ್ವಾಮಿ


ಶಿವಮೊಗ್ಗ
೨೪ ನವೆಂಬರ್ ೧೯೫೮

ಹಾಲಸ್ವಾಮಿಗೆ,

ಅಬ್ಬಾ, ಎಂಥ ಭಾಷೆ ಮಾರಾಯ! 'ತಾವು', 'ಭಾವಿಸುತ್ತೇನೆ', 'ಆಜ್ಞಾಧಾರಕ'. ನನ್ನ ಸೆರಗು ಹಿಡಿದು ಶಾಲೆಗೆ ಬಂದವನು, ಮರದಿಂದ ಬಿದ್ದು ಕಾಲು ಉಳುಕಿಸಿಕೊಂಡಾಗ ನನ್ನ ಬೆನ್ನ ಮೇಲೆ ಮನೆ ಸೇರಿದವನು ಈಗ ನನಗೆ 'ತಾವು' ಎನ್ನುತ್ತೀಯ. ಮಹಾಂತಮ್ಮನಿಗೆ ನನ್ನ ಆಶೀರ್ವಾದ ಹೇಳು. ಅವಳದೇನೂ ತಪ್ಪಿಲ್ಲ.

ಕಾಲಿನ ಎಚ್ಚರ ಎಂದೆ. ಇರಲಿ. ನೀನು ಆಸ್ಪತ್ರೆಯ ಬಾಗಿಲವರೆಗೆ ಬಂದು, ಒಳಗೆ ಬರದೆ ಹಣ್ಣಿನ ಚೀಲ ಕೊಟ್ಟು ಹೋದೆಯಲ್ಲ, ಅದು ದಯೆಯೋ ಕಾಲಿನ ಎಚ್ಚರವೋ?

ಅಂದು ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿ ಉಮಾಮಹೇಶ್ವರಿಯ ಮದುವೆಗೆಂದು ಬಂದಿದ್ದೆ. ಸ್ಟೇಷನ್ನಿನಲ್ಲಿ ಹಯಾತನ ಜಟಕಾ ಹತ್ತಿದೆ. ನಾನೊಬ್ಬಳೇ. ಕುದುರೆಯ ಹೆಸರು ಬಿಜಲಿ ಎಂದ. ಹೆಸರು ಮಿಂಚು, ನಡಿಗೆ ಬಸವನಹುಳು ಎಂದು ನಾನು ತಮಾಷೆ ಮಾಡಿದೆ. ಜಟಕಾದಲ್ಲಿ ಭಾರ ನೋಡಿ ಕೂರಿಸುವುದು ನಿನಗೂ ಗೊತ್ತಲ್ಲ. ಮುಂಭಾರವಾದರೆ ಕುದುರೆಯ ಬೆನ್ನಿಗೆ ಹೊರೆ, ಹಿಂಭಾರವಾದರೆ ಗಾಡಿಯ ಕೋಲು ಮೇಲೆದ್ದು ಕುದುರೆಯ ಕಾಲು ನೆಲದಲ್ಲಿ ನಿಲ್ಲುವುದಿಲ್ಲ. ಹಯಾತ್ ನನ್ನನ್ನು ಮುಂದೆಯೇ, ಅವನ ಬೆನ್ನ ಹಿಂದೆಯೇ ಕೂರಿಸಿದ್ದ.

ಹಳೆ ಸೇತುವೆಯ ಕಡೆಗೆ ಇಳಿಜಾರು ಶುರುವಾಗುವಲ್ಲಿ ಎಡಗಡೆ ದನದ ಆಸ್ಪತ್ರೆ, ಅದರ ಪಕ್ಕ ನಿನ್ನ ಮನೆ. ಜಗಲಿಯ ಮೇಲೆ ನೀನು ಕೂತು ಪೇಪರ್ ಓದುತ್ತಿದ್ದೆ. ನಿನ್ನ ತಲೆ ನರೆತದ್ದು ಅಷ್ಟು ದೂರದಿಂದಲೇ ಕಂಡಿತು. ನೀನು ತಲೆಯೆತ್ತಿದರೆ ನಾನು ಕಾಣುತ್ತೇನಲ್ಲ ಎಂದು ಮುಖಕ್ಕೆ ಸೆರಗು ಹಾಕಿಕೊಂಡು ಗಾಡಿಯ ಹಿಂದಿನ ತುದಿಗೆ ಸರಿದು, ಬೆನ್ನು ತಿರುಗಿಸಿ ಕೂತೆ.

"ಅಮ್ಮಾ, ಮುಂದೆ ಬನ್ನಿ, ಹಿಂಭಾರ ಆಗ್ತದೆ" ಎಂದ ಹಯಾತ್. ನಾನು ಕದಲಲಿಲ್ಲ. "ಇಳಿಜಾರು ಅಮ್ಮಾ, ಮುಂದೆ ಬನ್ನಿ" ಎಂದು ಪೂರ್ತಿ ಹಿಂದಕ್ಕೆ ತಿರುಗಿ ಕೈ ಮುಗಿದ. ಕರಿಯಮ್ಮ ಸೊಪ್ಪಿನ ಬುಟ್ಟಿ ಹೊತ್ತು ದಾರಿಗಿಳಿದದ್ದು ಆಗ, ಗಾಡಿ ನಿನ್ನ ಮನೆ ದಾಟಿ ಅರ್ಧ ಇಳಿಜಾರು ಇಳಿದ ಮೇಲೆ. ಅವಳಿಗೆ ಕಿವಿ ಕೇಳುವುದಿಲ್ಲವಂತೆ. ಕಾಲು ಜಾರಿ ಕುದುರೆಯ ಮುಂದೆಯೇ ಬಿದ್ದಳು. ಅವನು ನನ್ನ ಕಡೆ ನೋಡುತ್ತಿದ್ದ. ನಾನು ನಿನ್ನ ಕಡೆ ನೋಡಬಾರದೆಂದು ಎತ್ತಲೋ ನೋಡುತ್ತಿದ್ದೆ. ಕಣ್ಣಿನ ಎರಡೂ ಪಕ್ಕಕ್ಕೆ ಪಟ್ಟಿ ಕಟ್ಟಿಸಿಕೊಂಡಿದ್ದ ಆ ಪ್ರಾಣಿಯೊಂದೇ ದಾರಿ ನೋಡುತ್ತಿದ್ದದ್ದು.

ಹಗ್ಗ ಎಳೆದವರಿಲ್ಲ, ಹೋ ಎಂದವರಿಲ್ಲ. ಅದಾಗಿಯೇ ಹಿಂಗಾಲು ಮಡಿಸಿ ಕೂತುಬಿಟ್ಟಿತು. ಗಾಡಿಯ ನೂಕಿಗೆ ಮುಂಗಾಲಿನ ಎರಡೂ ಮಂಡಿ ಕಲ್ಲಿಗೆ ಬಡಿದು ಒಡೆದವು, ಆದರೂ ಎದ್ದು ನಿಂತಿತು. ಗಾಡಿ ಅಡ್ಡ ತಿರುಗಿ ಚಕ್ರ ಚರಂಡಿಗಿಳಿಯಿತು. ಹಿಂದಿನ ತುದಿಯಲ್ಲಿದ್ದ ನಾನು ಹಾರಿಬಿದ್ದೆ. ಮುಂದೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದ್ದರಿಂದ ನಿನ್ನ ಎರಡು ಮನೆಗಳ ಪಕ್ಕದಲ್ಲಿ ಮೂರನೆಯದೊಂದು ಗೆರೆ ಎಳೆದು 'ಪ್ರಯಾಣಿಕಳ ದೋಷ' ಎಂದು ಬರೆದುಕೋ.

ನೆಲದ ಮೇಲೆ ಬಿದ್ದು ನಾನು ನೋಡಿದ್ದು ಇಷ್ಟು. ಕರಿಯಮ್ಮ ಕುದುರೆಯ ಹೊಟ್ಟೆಯ ಕೆಳಗಿದ್ದಳು. ಮುರಿದ ಕೋಲು ಕುದುರೆಯ ಪಕ್ಕೆಗೆ ಚುಚ್ಚುತ್ತಿತ್ತು. ಜನ ಬಂದು ಮುದುಕಿಯನ್ನು ಎಳೆಯುವವರೆಗೆ ಅದು ನಿಂತೇ ಇತ್ತು. ಕಾಲಿನ ಎಚ್ಚರಕ್ಕೆ ನಿಂತದ್ದಾದರೆ ಒಂದು ನೆಗೆತ ನೆಗೆದು ದಾಟಬಹುದಿತ್ತಲ್ಲ? ಕಚೇರಿಯಲ್ಲಿ ಕೂತು ನನಗೆ ಪಾಠ ಹೇಳಬೇಡ. ಹೋಗಿ ನೋಡು, ಕೇಳು.

ಇತಿ,
ಸುಭದ್ರಮ್ಮ


ಭದ್ರಾವತಿ
೪ ಡಿಸೆಂಬರ್ ೧೯೫೮

ಪೂಜ್ಯ ಅಕ್ಕನಿಗೆ ಶರಣು.

ನೀನು ಅಂದು ನನ್ನ ಮನೆಯ ಮುಂದೆ ಹಾದುಹೋದದ್ದು ನನಗೆ ಗೊತ್ತಿರಲಿಲ್ಲ. ಪೇಪರಿನಿಂದ ತಲೆ ಎತ್ತಿರಲಿಲ್ಲ. ಇದನ್ನು ಓದಿದ ಮೇಲೆ ಎರಡು ದಿನ ಜಗಲಿಯಲ್ಲಿ ಕೂರಲಾಗಲಿಲ್ಲ.

ನೀನು ಹೇಳಿದಂತೆ ಹೋಗಿ ನೋಡಿದೆ. ಹಯಾತನ ಮನೆಯ ಹಿಂದೆ ಕುದುರೆಯನ್ನು ಕಟ್ಟಿದ್ದಾನೆ. ಮಂಡಿಯ ಗಾಯಕ್ಕೆ ಅರಿಶಿನ ಮೆತ್ತಿದ್ದಾನೆ, ನೊಣ ಕೂರದಂತೆ ತನ್ನ ಹಳೆಯ ಪಂಚೆ ಸುತ್ತಿದ್ದಾನೆ. ನಿಯಮದಂತೆ ಪರೀಕ್ಷೆ ಮಾಡಿದೆ. ಎದುರಿಗೆ ಥಟ್ಟನೆ ಕೊಡೆ ಬಿಚ್ಚಿದೆ. ಹಗ್ಗ ಕಿತ್ತುಹೋಗುವಂತೆ ಹಿಂದಕ್ಕೆ ಹಾರಿತು. ತಗಡು ಬಡಿದೆ. ಮೈಯೆಲ್ಲ ಬೆವರಿತು. ಒಣ ಬಾಳೆಲೆಯೊಂದು ಗಾಳಿಗೆ ಹಾರಿದ್ದಕ್ಕೂ ಕಣ್ಣು ಬಿಳಿ ಮಾಡಿತು.

"ಸಾಬ್, ಸುಳ್ಳು ಯಾಕೆ ಹೇಳ್ಲಿ, ಇದು ಹುಟ್ಟು ಪುಕ್ಕಲು. ಕೊಡೆ ಕಂಡ್ರೆ ಶೈತಾನ್ ಕಂಡ ಹಾಗೆ ಆಡ್ತದೆ. ಮಳೆಗಾಲದಾಗೆ ನಾವು ಬಜಾರಿಗೇ ಹೋಗೋದಿಲ್ಲ" ಎಂದ ಹಯಾತ್. ಕುದುರೆಯನ್ನು ಉಳಿಸಬೇಕಾದವನ ಬಾಯಲ್ಲಿ ಇಂಥ ಮಾತು. ಅವನ ಪ್ರಾಮಾಣಿಕತೆಗೆ ನನಗೇ ಬೇಸರವಾಯಿತು.

ಆಮೇಲೆ ಕರಿಯಮ್ಮನನ್ನು ಹುಡುಕಿಕೊಂಡು ಸಂತೆಗೆ ಹೋದೆ. ಅವಳ ಕಿವಿಗೆ ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅದರ ಹೊಟ್ಟೆ ನನ್ನ ಮಕದ ಮ್ಯಾಲೇ ಇತ್ತು ಸ್ವಾಮೀ. ನಂಗೆ ಕಿವಿ ಕೇಳಾಕಿಲ್ಲ, ಆದ್ರೆ ಅದರ ಎದೆ ಬಡ್ಕೊಳ್ಳೋದು ಮೈಗೆ ತಾಗ್ತಿತ್ತು. ಗಡಗಡ ನಡುಗ್ತಿತ್ತು, ಪಾಪ. ನನ್ನ ಕೈ ಅದರ ಮುಂಗಾಲಿನ ಕೆಳೀಕ್ ಹೋಗಿತ್ತು ನೋಡಿ. ಕಾಲು ಎತ್ತಿ ಹಂಗೇ ಹಿಡ್ಕೊಂಡಿತ್ತು. ನಾನು ಕೈ ಎಳ್ಕೊಂಡ ಮ್ಯಾಲೇ ಇಳಿಸಿದ್ದು. ನನ್ನ ಸೊಸೆಯಾಗಿದ್ರೆ ತುಳಿದುಬಿಡೋಳು."

ನಾನು ನಕ್ಕೆ, ಆದರೆ ದಾರಿಯುದ್ದಕ್ಕೂ ಅದೇ ಯೋಚನೆ. ಭಯದಿಂದ ಸ್ತಬ್ಧವಾಗಿ ನಿಲ್ಲುವ ಪ್ರಾಣಿಗಳುಂಟು. ಸ್ತಬ್ಧವಾದದ್ದು ಕಾಲು ಎತ್ತಿ ಹಿಡಿಯುವುದಿಲ್ಲ. ಮೇಲಾಗಿ, ಒಂದು ಮುಂಗಾಲು ಎತ್ತಿದರೆ ಮುಂದಿನ ಭಾರವೆಲ್ಲ ಇನ್ನೊಂದು ಮಂಡಿಯ ಮೇಲೆ. ಅದಾಗಲೇ ಮೂಳೆ ಕಾಣುವಷ್ಟು ಒಡೆದಿತ್ತು. ಆ ನೋವು ಎಂಥದೆಂದು ನನಗೆ ಗೊತ್ತು. ಬಾಳೆಲೆಗೆ ಬೆದರುವ ಕುದುರೆ ಅದನ್ನು ಯಾಕೆ ತಡೆದುಕೊಂಡಿತು?

ಆದರೂ ಅಕ್ಕ, ಪರೀಕ್ಷೆಯಲ್ಲಿ ಅದು ಬೆದರಿದ್ದು ನಿಜ. ನಾಳೆ ಯಾರದೋ ಕೊಡೆಗೆ ಬೆದರಿ ಯಾರನ್ನೋ ಕೊಂದರೆ ಜವಾಬ್ದಾರಿ ನನ್ನದು. ಅನುಮಾನವಿರುವ ಪ್ರಾಣಿಯನ್ನು ಉಳಿಸುವುದಕ್ಕಿಂತ ತೆಗೆಯುವುದೇ ಕ್ಷೇಮವೆಂದು ನಮಗೆ ಕಲಿಸಿದ್ದಾರೆ. ನೀನು ಬೇಸರ ಮಾಡಿಕೊಳ್ಳಬಾರದು.

ಇತಿ,
ಹಾಲಸ್ವಾಮಿ


ಶಿವಮೊಗ್ಗ
೯ ಡಿಸೆಂಬರ್ ೧೯೫೮

ಹಾಲಸ್ವಾಮಿ,

ಅನುಮಾನವಿರುವ ಪ್ರಾಣಿಯನ್ನು ತೆಗೆಯುವುದೇ ಕ್ಷೇಮ. ಈ ಮಾತನ್ನು ನೀನು ನನಗೆ ಎರಡನೆಯ ಸಲ ಹೇಳುತ್ತಿದ್ದೀಯ. ಮೊದಲ ಸಲ ನಮ್ಮ ಹಿತ್ತಿಲಿನಲ್ಲಿ ನಿಂತು ಹೇಳಿದ್ದೆ, ೧೯೪೭ರ ಭಾದ್ರಪದದಲ್ಲಿ. ನನಗೆ ನೆನಪಿದೆ. ನಿನಗೂ ಇರಬೇಕು.

ನಮ್ಮ ನಾಯಿ ಕೆಂಚನ ಹೆಸರು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಲು ಈಗ ನನ್ನ ಹೊರತು ಯಾರೂ ಇಲ್ಲ. ನಿನ್ನ ಭಾವ ಗಂಗಾಧರಪ್ಪನವರು ಹೋಗಿ ಐದು ವರ್ಷವಾಯಿತು. ಊರೆಲ್ಲ ಅವರನ್ನು ದೇವರಂಥ ಮನುಷ್ಯ ಎಂದು ಹೊಗಳಿ ಕಳಿಸಿತು. ಇರಲಿ.

ಕೆಂಚ ನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದ. ಅಂಗಡಿಯ ಆಳುಗಳನ್ನು ಕಚ್ಚಲಿಲ್ಲ, ಭಿಕ್ಷುಕರನ್ನು ಕಚ್ಚಲಿಲ್ಲ, ಬಾಲ ಎಳೆಯುವ ಮಕ್ಕಳನ್ನು ಕಚ್ಚಲಿಲ್ಲ. ಅನ್ನ ಹಾಕುವ ಯಜಮಾನರ ಎದುರಿಗೆ ಕಿವಿ ಮಡಿಸಿ ನೆಲಕ್ಕೆ ಹತ್ತಿಕೊಳ್ಳುತ್ತಿದ್ದ, ಅಷ್ಟು ಹೆದರುತ್ತಿದ್ದ. ಅಂಥವನು ಒಂದು ದಿನ ಹೋಗಿ ಅವರ ಬಲಗೈಯ ಮಣಿಕಟ್ಟನ್ನು ಹಿಡಿದ. ಬೇರೆ ಎಲ್ಲೂ ಅಲ್ಲ, ಮಣಿಕಟ್ಟನ್ನು. ಕೈ ಕೆಳಗಿಳಿದ ತಕ್ಷಣ ಬಿಟ್ಟ. ಬಿಟ್ಟು ಬಂದು ನನ್ನ ಕಾಲ ಬಳಿ ಕೂತು ನಡುಗಿದ.

ಹುಚ್ಚು ನಾಯಿ ಕಂಡಕಂಡವರನ್ನು ಕಚ್ಚುತ್ತದೆ ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಕೆಂಚ ಒಂದೇ ಒಂದು ಕೈಯನ್ನು ಕಚ್ಚಿದ. ಸಂಜೆ ನಿನ್ನನ್ನು ಕರೆಸಿದರು. ಆ ಕೈ ಆಗ ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗಲೂ ಬರೆಯುವುದಿಲ್ಲ. ನೀನು ರಿಜಿಸ್ಟರಿನಲ್ಲಿ 'ಹುಚ್ಚು ನಾಯಿ' ಎಂದು ಬರೆದುಕೊಂಡೆ, ಸೂಜಿ ತೆಗೆದೆ. ಕೆಂಚ ನಿನ್ನನ್ನು ಕಂಡು ಬಾಲ ಆಡಿಸಿದ.

ಸರಿ ತಪ್ಪು ಮನುಷ್ಯನಿಗೆ ಮಾತ್ರ ಗೊತ್ತೆಂದು ಬರೆದಿದ್ದೆ. ಗೊತ್ತಿದ್ದ ಮನುಷ್ಯರು ಅಂದು ಆ ಮನೆಯಲ್ಲಿ ಎಷ್ಟು ಜನ ಇದ್ದರು, ಎಣಿಸಿ ನೋಡು.

ಬಿಜಲಿಯ ವಿಷಯದಲ್ಲಿ ಏನು ಬೇಕಾದರೂ ಬರೆದುಕೋ. ಇನ್ನು ಕೇಳುವುದಿಲ್ಲ.

ಸುಭದ್ರಮ್ಮ


ಶಿವಮೊಗ್ಗ
೫ ಜನವರಿ ೧೯೫೯
(ಕಾರ್ಡು)

ಹಾಲಸ್ವಾಮಿಗೆ,

ಕೇಳುವುದಿಲ್ಲ ಎಂದಿದ್ದೆ, ಕೇಳುತ್ತಿದ್ದೇನೆ. ನಿನ್ನ ಕಾಗದವಿಲ್ಲದೆ ತಿಂಗಳಾಗುತ್ತ ಬಂತು. ನಿನ್ನೆ ಹಯಾತ್ ಬಂದಿದ್ದ. "ಡಾಕ್ಟ್ರು ಬಿಜಲೀನ ಹಗ್ಗ ಹಿಡ್ಕೊಂಡು ತಾವೇ ನಡೆಸ್ಕೊಂಡು ಹೋದ್ರು ಅಮ್ಮಾ, ಅವರ ಮನೆ ಅಂಗಳದಾಗೇ ಕಟ್ಟವ್ರೆ. ಗುಂಡು ಹಾಕೋಕೋ ಸಾಕೋಕೋ ತಿಳೀತಿಲ್ಲ. ಕೇಳಿದ್ರೆ ಮಾತೇ ಆಡೋದಿಲ್ಲ" ಎಂದ. ನಿನ್ನ ಆರೋಗ್ಯ ಸರಿಯಿದೆಯೇ? ನನಗೆ ಈಗ ಕೋಲು ಹಿಡಿದು ನಡೆಯಲು ಬರುತ್ತದೆ.

ಸುಭದ್ರಮ್ಮ


ಭದ್ರಾವತಿ
೧೧ ಜನವರಿ ೧೯೫೯

ಅಕ್ಕ,

ನಿನ್ನ ಒಂಬತ್ತನೇ ತಾರೀಖಿನ ಕಾಗದಕ್ಕೆ ಆರು ಸಲ ಉತ್ತರ ಬರೆದು ಹರಿದೆ. ಇದು ಏಳನೆಯದು.

ನನಗೆ ಗೊತ್ತಿತ್ತು.

ಆ ವರ್ಷ ಯುಗಾದಿಗೆ ಬಂದಾಗ ನೀನು ಹೋಳಿಗೆ ಬಡಿಸಲು ಬಗ್ಗಿದೆ, ಸೆರಗು ಸರಿದು ತೋಳು ಕಂಡಿತು. ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಊರಿಗೆ ಹೋಗಿ ಅವ್ವನಿಗೆ ಹೇಳಿದೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ನಿಂಗ್ಯಾಕೋ ಅದೆಲ್ಲ" ಎಂದಳು. ಆ ಗಾದೆ ನನಗೆ ಬೇಕಾಗಿತ್ತು ಅಕ್ಕ. ಅದನ್ನು ಹಿಡಿದುಕೊಂಡು ಸುಮ್ಮನಾದೆ. ಭಾವನೇ ನನ್ನನ್ನು ಓದಿಸಿದವರು, ಈ ಕೆಲಸಕ್ಕೆ ಶಿಫಾರಸು ಮಾಡಿದವರು. ಅವರ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಅವರು ನಿನ್ನನ್ನು ಹೊಡೆಯುತ್ತಿದ್ದರು, ನಾನು ತಿಳಿದೂ ಸುಮ್ಮನಿದ್ದೆ. ಇಷ್ಟು ಬರೆಯಲು ಹನ್ನೊಂದು ವರ್ಷ ಬೇಕಾಯಿತು.

ಇನ್ನೊಂದು ವಿಷಯ ನಿನಗೆ ತಿಳಿದಿರಲಿಕ್ಕಿಲ್ಲ. ಕಚ್ಚಿದ ನಾಯಿಯ ಬಗ್ಗೆ ನಮ್ಮಲ್ಲಿ ಒಂದು ನಿಯಮವಿದೆ. ಕೂಡಲೇ ಕೊಲ್ಲಬಾರದು. ಹತ್ತು ದಿನ ಕಟ್ಟಿ ನೋಡಬೇಕು. ಹುಚ್ಚಿದ್ದರೆ ಅಷ್ಟರೊಳಗೆ ತಾನೇ ಸಾಯುತ್ತದೆ. ಬದುಕಿದ್ದರೆ ಹುಚ್ಚಿಲ್ಲವೆಂದು ಅರ್ಥ. ನಾನು ಒಂದು ದಿನವೂ ಕಟ್ಟಲಿಲ್ಲ. ಭಾವ ಅವಸರ ಮಾಡಿದರು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ಹನ್ನೊಂದನೆಯ ದಿನ ಕೆಂಚ ಗಟ್ಟಿಮುಟ್ಟಾಗಿ ಬಾಲ ಆಡಿಸಿಕೊಂಡು ನಿಂತಿದ್ದರೆ, ಹುಚ್ಚಿಲ್ಲದ ನಾಯಿ ಯಜಮಾನನನ್ನು ಯಾಕೆ ಕಚ್ಚಿತು ಎಂದು ನಾನು ಕೇಳಬೇಕಾಗುತ್ತಿತ್ತು. ಆ ಪ್ರಶ್ನೆಗೆ ಹೆದರಿ ನಾಯಿಯನ್ನು ಕೊಂದೆ.

ಡಿಸೆಂಬರ್ ಕೊನೆಯಲ್ಲಿ ಬಿಜಲಿಯನ್ನು ಕರೆತಂದು ನನ್ನ ಅಂಗಳದಲ್ಲಿ ಕಟ್ಟಿದೆ. ಹತ್ತು ದಿನ. ಕುದುರೆಗೆ ಅಂಥ ನಿಯಮವೇನಿಲ್ಲ, ನಾನೇ ಮಾಡಿಕೊಂಡೆ. ಮಹಾಂತಮ್ಮ ಮೊದಲು ಲದ್ದಿಯ ವಾಸನೆ ಎಂದು ಗೊಣಗಿದಳು, ಮೂರನೆಯ ದಿನದಿಂದ ಹುರುಳಿ ಬೇಯಿಸತೊಡಗಿದಳು. ನಾನು ರಜ ಹಾಕಿ ಜಗಲಿಯಲ್ಲಿ ಕೂತು ನೋಡಿದೆ. ಪುಕ್ಕಲು ನಿಜ, ಬಟ್ಟೆ ಒಗೆದು ಹರವಿದರೂ ಬೆಚ್ಚುತ್ತದೆ. ಒಂದು ಬೆಳಿಗ್ಗೆ ಬೆಕ್ಕಿನ ಮರಿ ಅದರ ಹುಲ್ಲಿನಲ್ಲಿ ಮಲಗಿತ್ತು. ಸುತ್ತಲಿನ ಹುಲ್ಲನ್ನೆಲ್ಲ ತಿಂದು ಮರಿ ಮಲಗಿದಷ್ಟನ್ನು ಹಾಗೆಯೇ ಬಿಟ್ಟಿತ್ತು. ಇದು ದಯೆಯೋ ಅಥವಾ ಬೆಕ್ಕಿನ ವಾಸನೆ ಹಿಡಿಸದೆಯೋ, ನನಗೆ ಗೊತ್ತಿಲ್ಲ. ಮೊದಲಾಗಿದ್ದರೆ ಗೊತ್ತು ಎನ್ನುತ್ತಿದ್ದೆ.

ವರದಿ ಕಳಿಸಿದ್ದೇನೆ. 'ಪ್ರಾಣಿಯ ದೋಷ', 'ಚಾಲಕನ ದೋಷ' ಎರಡನ್ನೂ ಹೊಡೆದುಹಾಕಿದೆ. ಕೆಳಗೆ ಹೀಗೆ ಬರೆದೆ: 'ಪ್ರಯಾಣಿಕರು ಹಿಂದೆ ಸರಿದದ್ದರಿಂದ ಗಾಡಿ ಹಿಂಭಾರವಾಯಿತು. ಅವರು ಸರಿಯಲು ಕಾರಣ, ವರದಿ ಬರೆಯುತ್ತಿರುವ ಅಧಿಕಾರಿ. ಕುದುರೆ ಸ್ವಭಾವತಃ ಪುಕ್ಕಲು, ಆದರೆ ತನ್ನ ಕಾಲಡಿ ಬಿದ್ದ ಜೀವಕ್ಕೆ ಪೆಟ್ಟಾಗದಂತೆ ತಾನು ನೋವು ತಿಂದು ನಿಂತಿದೆ. ಮಂಡಿ ಮಾಗಿದ ಮೇಲೆ, ಮಳೆಗಾಲ ಬಿಟ್ಟು ಉಳಿದ ತಿಂಗಳು ಓಡಿಸಲು ಯೋಗ್ಯ.' ಮೇಲಿನವರು ಇದಕ್ಕೆ ನನ್ನನ್ನು ವಿಚಾರಿಸಬಹುದು. ವಿಚಾರಿಸಲಿ.

ಇದರ ಜೊತೆಗೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದು ಯಾವ ಕಚೇರಿಗೂ ಅಲ್ಲ, ನಿನಗೆ.

ಇತಿ ನಿನ್ನ ತಮ್ಮ,
ಹಾಲಸ್ವಾಮಿ

(ಜೊತೆಗಿದ್ದ ಕಾಗದ)

ಪ್ರಾಣಿ: ನಾಯಿ. ಹೆಸರು ಕೆಂಚ. ಗಂಡು. ವಯಸ್ಸು ನಾಲ್ಕು.
ಸ್ಥಳ: ಶಿವಮೊಗ್ಗ, ಗಾಂಧಿ ಬಜಾರಿನ ಹಿಂದಿನ ಬೀದಿ.
ರೋಗ: ಇರಲಿಲ್ಲ.
ಕಚ್ಚಿದ್ದು: ಒಂದು ಕೈಯನ್ನು, ಒಂದು ಸಲ.
ಕಾರಣ: ಆ ಕೈ ನನ್ನ ಅಕ್ಕನ ಮೇಲೆ ಎದ್ದಿತ್ತು.
ಹಿಂದಿನ ವರದಿ ಸುಳ್ಳು.
ಸಹಿ: ಹಾಲಸ್ವಾಮಿ, ಪಶುವೈದ್ಯ ಇನ್‌ಸ್ಪೆಕ್ಟರ್


ಶಿವಮೊಗ್ಗ
೨೨ ಜನವರಿ ೧೯೫೯

ಚಿರಂಜೀವಿ ಹಾಲಸ್ವಾಮಿಗೆ ಅಕ್ಕನ ಆಶೀರ್ವಾದ.

ಮೇಲಿನ ಸಾಲು ಬರೆದು ಪೆನ್ನು ಕೆಳಗಿಟ್ಟು, ಅಡುಗೆಮನೆಗೆ ಹೋಗಿ ಅತ್ತು ಬಂದೆ. ಈಗ ಬರೆಯುತ್ತೇನೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಹೊರಟೆ. ಕೈ ಓಡಲಿಲ್ಲ. ಆ ಮಾತು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ಅನುಮಾನ ಬಂತು. ನೀನು ಒಂದು ಸುಳ್ಳನ್ನು ಹೊಡೆದುಹಾಕಿದೆ. ನನ್ನದೂ ಒಂದಿದೆ, ಕೇಳು.

ಆ ಸಂಜೆ ನೀನು ಸೂಜಿ ಹಿಡಿದು ಹಿತ್ತಿಲಿಗೆ ಬಂದಾಗ ಕೆಂಚ ನನ್ನ ಕಾಲ ಬಳಿ ಇದ್ದ. ಯಾರು ಕರೆದರೂ ಬರಲಿಲ್ಲ. ನಿನ್ನ ಭಾವ ಒಳಗಿನಿಂದ "ಹಿಡಿದು ಕೊಡೇ" ಎಂದರು. ನಾನು ಅವನ ಕೊರಳಿಗೆ ಸರಪಳಿ ಹಾಕಿದೆ, ಎಳೆದು ತಂದು ನಿನ್ನ ಕೈಗೆ ಕೊಟ್ಟೆ. ನೀನು ಹಿಡಿದದ್ದು ನಾನು ಕೊಟ್ಟ ಸರಪಳಿ. ಅವನಿಗೆ ಹುಚ್ಚಿಲ್ಲವೆಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. 'ಇಲ್ಲ' ಎನ್ನುವ ಒಂದು ಮಾತು ಸಾಕಾಗಿತ್ತು. ಆಡಲಿಲ್ಲ. ರಾತ್ರಿ ಆ ಕೈ ಮತ್ತೆ ಏಳುತ್ತದೆಂದು ಹೆದರಿದೆ. ಅವನು ನನ್ನನ್ನು ಕಾಯ್ದ, ನಾನು ಅವನನ್ನು ಕಾಯಲಿಲ್ಲ. ನಿನ್ನೊಡನೆ ಮಾತು ಬಿಟ್ಟದ್ದು ಸಿಟ್ಟಿಗೆಂದು ಇಷ್ಟು ದಿನ ತಿಳಿದಿದ್ದೆ. ನಿನ್ನ ಮುಖ ನೋಡಿದರೆ ಆ ಸರಪಳಿ ನೆನಪಾಗುತ್ತಿತ್ತು, ಅದಕ್ಕೆ.

ಪ್ರಾಣಿಗಳಿಗೆ ಧರ್ಮ ಗೊತ್ತೇ ಎಂದು ನಾವಿಬ್ಬರೂ ಎರಡು ತಿಂಗಳು ಜಗಳವಾಡಿದೆವು. ಬಿಜಲಿಯ ತಲೆಯೊಳಗೆ ಏನಿತ್ತೆಂದು ನನಗೂ ಗೊತ್ತಿಲ್ಲ. ಅದು ಗಡಗಡ ನಡುಗುತ್ತಿತ್ತು ಎಂದು ಕರಿಯಮ್ಮ ಹೇಳಿದ್ದು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಕೆಂಚನೂ ನಡುಗುತ್ತಿದ್ದ. ಹೆದರಿಕೆ ನಮಗೂ ಇ‌ತ್ತು, ಅವಕ್ಕೂ ಇತ್ತು. ಹೆದರಿಕೊಂಡೇ ಅವು ಮಾಡಿದವು, ಹೆದರಿಕೊಂಡು ನಾವು ಬಿಟ್ಟೆವು. ನನಗೆ ತಿಳಿದದ್ದು ಇಷ್ಟೇ, ಇನ್ನು ನಿನ್ನ ಪುಸ್ತಕ ಏನು ಬೇಕಾದರೂ ಹೇಳಲಿ.

ನೀನು ಕಳಿಸಿದ ಕಾಗದವನ್ನು ಹಿತ್ತಿಲಿಗೆ ತೆಗೆದುಕೊಂಡು ಹೋಗಿ, ಸೀಬೆಮರದ ಬುಡದಲ್ಲಿ, ನಾವು ಅವನನ್ನು ಹೂತ ಜಾಗದಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯ ವಿಮಲಮ್ಮ ಗೋಡೆಯ ಮೇಲಿನಿಂದ ಇಣುಕಿ "ಯಾರ ಹತ್ರ ಮಾತಾಡ್ತಿದ್ದೀರಿ ಮೇಷ್ಟ್ರಮ್ಮಾ?" ಎಂದಳು. "ನಮ್ಮ ಮನೆ ನಾಯಿ ಹತ್ರ" ಎಂದೆ. "ನಿಮ್ಮನೇಲಿ ನಾಯಿ ಎಲ್ಲಿದೆ?" ಎಂದಳು. ಇತ್ತು ಎಂದು ಹೇಳಿ, ಅವನು ಏನು ಮಾಡಿದನೆಂದೂ ಯಾಕೆ ಮಾಡಿದನೆಂದೂ ಹೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವಳು ಗೋಡೆಯಾಚೆಯಿಂದ ಕೈ ಚಾಚಿ ಎರಡು ದಾಸವಾಳ ಕೊಟ್ಟಳು.

ಮಂಡಿ ಮಾಗಿದೆ, ಶಿವರಾತ್ರಿಯ ಹೊತ್ತಿಗೆ ಗಾಡಿ ಕಟ್ಟುತ್ತೇನೆ ಎಂದು ಹಯಾತ್ ಹೇಳಿಕಳಿಸಿದ್ದಾನೆ. ಮೊದಲ ಸವಾರಿ ನನ್ನದೇ ಆಗಬೇಕಂತೆ. ಸ್ಟೇಷನ್ನಿನಿಂದ ನಿನ್ನ ಮನೆಗೆ. ಕೊಡೆ ತರಬೇಡಿ ಎಂದು ಷರತ್ತು ಹಾಕಿದ್ದಾನೆ, ಕೈಕೋಲಿಗೆ ಒಪ್ಪಿದ್ದಾನೆ. ಮಹಾಂತಮ್ಮನಿಗೆ ಹೇಳು, ಹುರುಳಿ ಬೇಯಿಸಿಡಲಿ. ಮೋಸಂಬಿ ತರುವುದಾದರೆ ನೋಡಿ ತಾ, ಸಿಹಿಯಿರಲಿ.

ನೀನು ಜಗಲಿಯ ಮೇಲೆಯೇ ಕೂತಿರು. ಪೇಪರ್ ಬೇಡ. ಈ ಸಲ ನಾನು ಮುಂದೆಯೇ ಕೂತು ಬರುತ್ತೇನೆ.

ಇತಿ ನಿನ್ನ ಅಕ್ಕ,
ಸುಭದ್ರ